ಪಂಚಾಯಿತಿ ಅಭ್ಯರ್ಥಿಯನ್ನು ಗುರುತಿಸಲು ಎಂಟೇ ದಿನ

ಮಾನ್ಯ ಸಂಪಾದಕರಿಗೆ ವಂದನೆಗಳು.

ಗ್ರಾಮ ಪಂಚಾಯಿತಿಗಳಿಗೆ ಹಿಂದಿನ ಸಲ ಚುನಾವಣೆ ನಡೆದು ಐದು ವರ್ಷ ತುಂಬಿರುವುದರಿಂದ, ನಮ್ಮ ಸಕಲೇಶಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಡೇರಿಯ ಮುಂದೆ, ಹೋಟೆಲಿನ ಬೆಂಚಿನ ಮೇಲೆ, ಮದುವೆ ಮನೆಯ ಪಂಕ್ತಿಯಲ್ಲಿ ಮುಂದಿನ ಚುನಾವಣೆಯದೇ ಮಾತು. ನಮ್ಮೂರ ಕೈಮರದ ಹತ್ತಿರ ದೀಪಾವಳಿಗೆಂದು ಕಟ್ಟಿದ ಫ್ಲೆಕ್ಸ್ ಒಂದು ಇನ್ನೂ ಇಳಿದಿಲ್ಲ. ಅದರಲ್ಲಿ ಹದಿನಾಲ್ಕು ಮುಖಗಳಿವೆ. ಮೇಲಿನ ಸಾಲಿನಲ್ಲಿ ರಾಜ್ಯದ ನಾಯಕರು, ನಡುವೆ ಜಿಲ್ಲೆಯವರು, ಕೆಳಗಿನ ಅಂಚಿನಲ್ಲಿ ಅಂಚೆಚೀಟಿಯಷ್ಟು ಅಳತೆಯಲ್ಲಿ ನಾಲ್ಕೈದು ಮಂದಿ ಯುವಕರು. ಮೊನ್ನೆ ಪಕ್ಕದ ಮನೆಯ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅವರು ಕಣ್ಣು ಕಿರಿದು ಮಾಡಿಕೊಂಡು ಅದನ್ನು ಬಹಳ ಹೊತ್ತು ನೋಡಿ, 'ಇದ್ರಲ್ಲಿ ನಮ್ಮೂರಿಗೆ ನಿಲ್ಲೋನು ಯಾರವ್ವ?' ಎಂದು ಕೇಳಿದರು. ಮೂವತ್ತೆರಡು ವರ್ಷ ಈ ಸುತ್ತಿನ ಶಾಲೆಗಳಲ್ಲೇ ಪಾಠ ಹೇಳಿದ ನನಗೂ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯೇ ಈ ಪತ್ರಕ್ಕೆ ಕಾರಣ.

ನಾನು ನಿವೃತ್ತ ಶಾಲಾ ಶಿಕ್ಷಕಿ. ಸೇವೆಯಲ್ಲಿದ್ದಾಗ ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದ್ದೇನೆ. ಈಗ ಐದು ಎಕರೆ ಕಾಫಿ ತೋಟ ನೋಡಿಕೊಂಡು ಊರಿನಲ್ಲೇ ಇದ್ದೇನೆ. ಯಾವ ಪಕ್ಷದ ಸದಸ್ಯತ್ವವೂ ನನಗಿಲ್ಲ. ಮತದಾರರ ಪಟ್ಟಿ, ಗುರುತಿನ ಚೀಟಿ, ಮತಗಟ್ಟೆಗೆ ಇಳಿಜಾರಿನ ದಾರಿ, ಇವುಗಳ ಬಗ್ಗೆ ಆಡಳಿತ ಎಷ್ಟು ಶ್ರದ್ಧೆಯಿಂದ ಕೆಲಸ ಮಾಡುತ್ತದೆ ಎಂಬುದನ್ನು ಒಳಗಿನಿಂದ ಬಲ್ಲೆ. ಮತದಾರ ಯಾರೆಂದು ಗುರುತಿಸುವುದಕ್ಕೆ ಇಷ್ಟೆಲ್ಲ ವ್ಯವಸ್ಥೆ ಇರುವಾಗ, ಆ ಮತದಾರ ತನ್ನ ಮುಂದಿರುವ ಅಭ್ಯರ್ಥಿ ಯಾರೆಂದು ಗುರುತಿಸುವುದಕ್ಕೆ ಏನು ವ್ಯವಸ್ಥೆ ಇದೆ ಎಂಬುದನ್ನು ನಾವು ವಿಚಾರಿಸಿದ್ದು ಕಡಿಮೆ. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು ಎಂದು ಪಟ್ಟಣದಲ್ಲಿ ಕುಳಿತವರು ತಿಳಿದಿರಬಹುದು. ಮಲೆನಾಡಿನ ಮಟ್ಟಿಗಂತೂ ಅದು ನಿಜವಲ್ಲ.

ಕಾನೂನಿನ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಅರಸೀಕೆರೆ, ಕಡೂರಿನ ಕಡೆ ಬಯಲು ಸೀಮೆಯಲ್ಲಿ ಆ ನಾನೂರು ಜನ ಒಂದೇ ಊರಿನ ಎರಡು ಬೀದಿಗಳಲ್ಲಿ ಸಿಕ್ಕಾರು; ಬೆಳಿಗ್ಗೆ ಎದ್ದರೆ ಅದೇ ಬೋರ್‌ವೆಲ್, ಅದೇ ಅರಳಿಕಟ್ಟೆ, ಅದೇ ಮುಖಗಳು. ನಮ್ಮ ಕಡೆ ಅಷ್ಟೇ ಜನ ಮೂರು ಗುಡ್ಡ, ಎರಡು ಹಳ್ಳ ದಾಟಿ ಹರಡಿಕೊಂಡಿರುತ್ತಾರೆ. ಹೆತ್ತೂರು, ಹಾನುಬಾಳು, ಯಸಳೂರು ಹೋಬಳಿಗಳಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಯ ದೀಪ ಕಾಣದ ಊರುಗಳಿವೆ. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೆ ತೋಟದ ಸಾಹುಕಾರರು ಗೊತ್ತು, ರೈಟರ್ ಗೊತ್ತು, ಮೇಸ್ತ್ರಿ ಗೊತ್ತು. ಗುಡ್ಡದ ಆಚೆ ಬದಿಯಿಂದ ನಾಮಪತ್ರ ಹಾಕಿದ ವ್ಯಕ್ತಿಯನ್ನು ಅವರು ಎಂದೂ ಕಂಡಿರುವುದಿಲ್ಲ. ಮಲೆನಾಡಿನ ಈ ಚದುರಿದ ಬದುಕನ್ನು ನೋಡಿಯೇ 1993ರ ಪಂಚಾಯತ್ ರಾಜ್ ಅಧಿನಿಯಮವು ಹಾಸನ, ಚಿಕ್ಕಮಗಳೂರು, ಕೊಡಗು ಮುಂತಾದ ಜಿಲ್ಲೆಗಳಲ್ಲಿ ಕಡಿಮೆ ಜನಸಂಖ್ಯೆಗೂ ಪ್ರತ್ಯೇಕ ಪಂಚಾಯಿತಿ ಕೊಡಲು ಅವಕಾಶ ಮಾಡಿತು. ಪಂಚಾಯಿತಿ ಹತ್ತಿರ ಬಂತು ನಿಜ, ಅಭ್ಯರ್ಥಿ ಹತ್ತಿರ ಬರಲಿಲ್ಲ.

ಇನ್ನು ಸಮಯದ ಮಾತು. 2020ರ ಡಿಸೆಂಬರ್‌ನಲ್ಲಿ ನಡೆದ ಚುನಾವಣೆಯ ದಿನಾಂಕಗಳನ್ನು ಓದುಗರು ನೆನಪಿಸಿಕೊಳ್ಳಬೇಕು. ಮೊದಲ ಹಂತಕ್ಕೆ ಡಿಸೆಂಬರ್ 7ರಂದು ಅಧಿಸೂಚನೆ, 11ರಂದು ನಾಮಪತ್ರಕ್ಕೆ ಕೊನೆಯ ದಿನ, 14ರಂದು ಹಿಂತೆಗೆದುಕೊಳ್ಳಲು ಕೊನೆಯ ದಿನ, 22ರಂದು ಮತದಾನ. ಎರಡನೇ ಹಂತಕ್ಕೆ ಹಿಂತೆಗೆತದ ಕೊನೆಯ ದಿನ 19, ಮತದಾನ 27. ಕಣದಲ್ಲಿ ಯಾರು ಉಳಿದರು, ಯಾರಿಗೆ ಯಾವ ಚಿಹ್ನೆ ಎಂಬುದು ತಿಳಿಯುವುದು ಹಿಂತೆಗೆತ ಮುಗಿದ ಮೇಲೆಯೇ. ಅಂದರೆ ಎರಡೂ ಹಂತಗಳಲ್ಲಿ ಮತದಾರನ ಕೈಗೆ ಸಿಕ್ಕಿದ್ದು ಎಂಟು ದಿನ. ಬಹಿರಂಗ ಪ್ರಚಾರ ನಿಲ್ಲುವ ಕೊನೆಯ ನಲವತ್ತೆಂಟು ಗಂಟೆ ಕಳೆದರೆ ಆರು. ಆ ಆರು ದಿನ ನಮ್ಮಲ್ಲಿ ಅರೇಬಿಕಾ ಹಣ್ಣು ಕೊಯ್ಲಿನ ದಿನಗಳು. ಬೆಳಕು ಹರಿಯುವ ಮೊದಲೇ ಹೆಂಗಸರು ಬುತ್ತಿ ಕಟ್ಟಿಕೊಂಡು ಪಿಕಪ್ ಹತ್ತಿದರೆ ಮನೆಗೆ ಬರುವಾಗ ಕತ್ತಲೆ. ಅಭ್ಯರ್ಥಿಗಳು ಹಗಲು ಹೊತ್ತಿನಲ್ಲಿ ಬಂದು, ಬೀಗ ಹಾಕಿದ ಬಾಗಿಲ ಸಂದಿಗೆ ಕರಪತ್ರ ಸಿಕ್ಕಿಸಿ ಹೋಗುತ್ತಿದ್ದರು. ಆ ವರ್ಷ ಕೋವಿಡ್ ಬೇರೆ. ಅಪರೂಪಕ್ಕೆ ಎದುರು ಸಿಕ್ಕ ಅಭ್ಯರ್ಥಿಯ ಮುಖದ ಮುಕ್ಕಾಲು ಪಾಲು ಮಾಸ್ಕಿನ ಒಳಗಿತ್ತು. ನಮ್ಮ ತೋಟದಲ್ಲಿ ಹಣ್ಣು ಬಿಡಿಸುತ್ತಿದ್ದ ಒಬ್ಬ ಹೆಣ್ಣುಮಗಳು, 'ಹೊಲಿಗೆ ಮಿಷನ್ನು ಅಂತ ಹೇಳಿ ಹೋದ್ರು ಟೀಚರೇ, ಯಾರು ಅಂತ ಗೊತ್ತಾಗ್ಲಿಲ್ಲ' ಎಂದಿದ್ದಳು. ಹೊಲಿಗೆ ಯಂತ್ರಕ್ಕೇ ಅವಳು ಮತ ಹಾಕಿದಳೋ ಇಲ್ಲವೋ ನಾನು ಕೇಳಲಿಲ್ಲ, ಕೇಳಬಾರದು. ಆದರೆ ಅವಳಿಗೆ ದೊರೆತ ಮಾಹಿತಿ ಇಷ್ಟೇ: ಒಂದು ವಸ್ತುವಿನ ಹೆಸರು.

ಚಿಹ್ನೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಓದು ಬರಹ ಬಾರದ ಕೋಟ್ಯಂತರ ಜನರನ್ನು ಮೊದಲ ಸಲ ಮತಪೆಟ್ಟಿಗೆಯ ಮುಂದೆ ನಿಲ್ಲಿಸಿದ್ದೇ ಚಿಹ್ನೆ. 1951–52ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಅವರವರ ಚಿಹ್ನೆ ಅಂಟಿಸಲಾಗಿತ್ತು. ಮತದಾರ ತನಗೆ ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಹಾಕಿದರೆ ಸಾಕಿತ್ತು. ಒಂದೇ ಹಾಳೆಯಲ್ಲಿ ಎಲ್ಲರ ಹೆಸರು, ಚಿಹ್ನೆ ಇದ್ದು ಗುರುತು ಒತ್ತುವ ಪದ್ಧತಿ ದೇಶದಾದ್ಯಂತ ಬಂದದ್ದು 1962ರ ಚುನಾವಣೆಯ ಹೊತ್ತಿಗೆ. ಅದಕ್ಕೆ ಮೊದಲು, ಪೆಟ್ಟಿಗೆಗಳ ಕಾಲದಲ್ಲಿ, ಹಾಸನ ಸೀಮೆಯಲ್ಲಿ ಜೋಡೆತ್ತಿನ ಪೆಟ್ಟಿಗೆ ಯಾವುದು, ಗುಡಿಸಲಿನ ಪೆಟ್ಟಿಗೆ ಯಾವುದು ಎಂದು ಜನ ಮನೆಯಲ್ಲೇ ಕಲಿತು ಹೋಗುತ್ತಿದ್ದ ಸಂಗತಿಯನ್ನು ನಮ್ಮ ತಂದೆ ಹೇಳುತ್ತಿದ್ದರು. ನಮ್ಮ ನೆರೆಯ ಚಿಕ್ಕಮಗಳೂರಿನಲ್ಲಿ 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರ ಎದುರು ಲೋಕಸಭಾ ಉಪಚುನಾವಣೆಗೆ ನಿಂತರು. ಅವರ ಕಾಂಗ್ರೆಸ್ಸಿಗೆ ಹಸು–ಕರುವಿನ ಚಿಹ್ನೆ ಹೋಗಿ ಹಸ್ತ ಬಂದಿದ್ದು ಅದೇ ವರ್ಷ. ಚಿಹ್ನೆ ಹೊಸದಾದರೂ ಅಭ್ಯರ್ಥಿ ಯಾರೆಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅಂಗೈ ಎತ್ತಿ ತೋರಿಸಿದರೆ ಸಾಕಾಗುತ್ತಿತ್ತು. ಗ್ರಾಮ ಪಂಚಾಯಿತಿಯಲ್ಲಿ ಪರಿಸ್ಥಿತಿ ತಲೆಕೆಳಗು. ಇಲ್ಲಿ ಪಕ್ಷದ ಚಿಹ್ನೆಗೆ ಅವಕಾಶವಿಲ್ಲ. ಆಯೋಗದ ಪಟ್ಟಿಯಲ್ಲಿರುವ ಮುಕ್ತ ಚಿಹ್ನೆಗಳಲ್ಲಿ ಒಂದು ಸಿಗುತ್ತದೆ, ಮುಂದಿನ ಸಲ ಅದೇ ಚಿಹ್ನೆ ಬೇರೆಯವರ ಪಾಲಾಗುತ್ತದೆ. ದಶಕಗಳ ಕಾಲ ಒಂದೇ ಚಿಹ್ನೆಯನ್ನು ನೋಡಿ ಬೆಳೆಯುವ ಗುರುತು ಇಲ್ಲಿ ಬೆಳೆಯಲು ಸಾಧ್ಯವೇ ಇಲ್ಲ. ಹಾಗಾಗಿ ಇಲ್ಲಿ ಗುರುತಾಗಬೇಕಾದದ್ದು ವ್ಯಕ್ತಿಯೇ. ಪಕ್ಷವನ್ನು ಹೊರಗಿಟ್ಟ ಕಾನೂನಿನ ಉದ್ದೇಶವೂ ಅದೇ ಎಂದು ನಾನು ನಂಬಿದ್ದೇನೆ.

ವ್ಯಕ್ತಿ ಗುರುತಾಗುವ ದಾರಿಯಲ್ಲಿ ಮೊದಲ ತೊಡಕು ಹೆಸರಿನದೇ. ನಮ್ಮ ಊರುಗಳಲ್ಲಿ ಯಾರನ್ನೂ ದಾಖಲೆಯ ಹೆಸರಿನಿಂದ ಕರೆಯುವುದಿಲ್ಲ. ಮನೆಯ ಹೆಸರು, ಕಸುಬು, ಊರ ದಿಕ್ಕು, ಅಪ್ಪನ ಹೆಸರು, ಇವುಗಳಿಂದ ಜನ ಗುರುತಾಗುತ್ತಾರೆ. ಮೇಲಿನಮನೆಯವರು, ಗಿರಣಿ ಅಣ್ಣ, ಟೈಲರ್ ಅಕ್ಕ, ಕೆರೆಕೋಡಿಯವರು. ಮತಪತ್ರದಲ್ಲಾದರೋ ಶಾಲೆಯ ದಾಖಲಾತಿಯಲ್ಲಿ ಬರೆಸಿದ, ಮುಂದೆ ಎರಡು ಇನಿಷಿಯಲ್ ಇರುವ ಹೆಸರು. 2010ರ ಪಂಚಾಯಿತಿ ಚುನಾವಣೆಯಲ್ಲಿ ನಾನು ಮತಗಟ್ಟೆ ಅಧಿಕಾರಿಯಾಗಿ ಕೆಲಸ ಮಾಡುತ್ತಿದ್ದಾಗ ನಡೆದದ್ದನ್ನು ಹೇಳಬೇಕು. ಮಧ್ಯಾಹ್ನದ ಹೊತ್ತು. ಎಪ್ಪತ್ತು ದಾಟಿದ ಒಬ್ಬ ರೈತರು ಬೆರಳಿಗೆ ಶಾಯಿ ಹಾಕಿಸಿಕೊಂಡು, ಮತಪತ್ರ ಹಿಡಿದು, ರಟ್ಟಿನ ಮರೆಯ ಹಿಂದೆ ಹೋದವರು ಮತ್ತೆ ಹೊರಗೆ ಬಂದರು. ಹಾಳೆಯನ್ನು ನನ್ನ ಕಡೆ ಚಾಚಿ, 'ನಮ್ಮ ಡೇರಿ ಸೆಕ್ರೆಟ್ರಿ ಇದ್ರಲ್ಲಿ ಯಾವ್ದು ಟೀಚರಮ್ಮ?' ಎಂದರು. ಅವರಿಗೆ ಅಕ್ಷರ ಬರುತ್ತಿತ್ತು. ಹಾಳೆಯ ಮೇಲಿನ ಒಂದೊಂದು ಹೆಸರನ್ನೂ ತುಟಿ ಅಲ್ಲಾಡಿಸುತ್ತ ಓದಿದ್ದರು. ಹದಿನೈದು ವರ್ಷದಿಂದ ದಿನಕ್ಕೆರಡು ಹೊತ್ತು ಹಾಲು ಅಳೆದುಕೊಂಡ ಮನುಷ್ಯನ ಕಾಗದದ ಹೆಸರು ಅವರಿಗೆ ತಿಳಿದಿರಲಿಲ್ಲ, ಅಷ್ಟೇ. ನನಗೆ ತಿಳಿದಿತ್ತು. ಹೇಳುವ ಹಾಗಿರಲಿಲ್ಲ. 'ಅದನ್ನ ನಾವು ಹೇಳ್ಬಾರ್ದು ಯಜಮಾನ್ರೇ, ನೀವೇ ನೋಡಿ' ಎಂದು ವಾಪಸು ಕಳಿಸಿದೆ. ಅವರು ಮರೆಯ ಹಿಂದೆ ಬಹಳ ಹೊತ್ತು ನಿಂತಿದ್ದರು. ಸಾಲಿನಲ್ಲಿದ್ದವರು ಗೊಣಗತೊಡಗಿದರು. ಕೊನೆಗೆ ಮುದ್ರೆ ಬಿದ್ದ ಸದ್ದು ಕೇಳಿತು. ಎಲ್ಲಿ ಬಿತ್ತೋ. ನಿಯಮ ಪಾಲಿಸಿದ್ದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ, ಆದರೆ ಹದಿನೈದು ವರ್ಷದ ಪರಿಚಯ ಒಂದು ಹಾಳೆಯ ಮುಂದೆ ಉಪಯೋಗಕ್ಕೆ ಬಾರದೆ ಹೋದದ್ದನ್ನು ನಾನು ಮರೆತಿಲ್ಲ.

ಒಂದಕ್ಕಿಂತ ಹೆಚ್ಚು ಸ್ಥಾನಗಳಿರುವ ಕ್ಷೇತ್ರದಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಎಷ್ಟು ಸ್ಥಾನವೋ ಅಷ್ಟು ಮತ ಹಾಕುವ ಹಕ್ಕು ಮತದಾರನಿಗಿದೆ. ಒಬ್ಬ ಅಭ್ಯರ್ಥಿಗೆ ಒಂದೇ ಮತ. ಮೂರು ಸ್ಥಾನದ ಕ್ಷೇತ್ರದಲ್ಲಿ ಹತ್ತು ಹನ್ನೆರಡು ಹೆಸರು, ಅಷ್ಟೇ ಚಿಹ್ನೆಗಳು. ತನಗೆ ಗೊತ್ತಿರುವ ಒಬ್ಬರಿಗೆ ಮುದ್ರೆ ಒತ್ತಿ ಉಳಿದ ಎರಡು ಮತಗಳನ್ನು ಹಾಗೆಯೇ ಬಿಟ್ಟು ಬಂದವರನ್ನು ನಾನು ಬಲ್ಲೆ. ಗೊತ್ತಿರುವ ಒಬ್ಬರು ಹೇಳಿಕೊಟ್ಟ ಇನ್ನಿಬ್ಬರಿಗೆ ಕಣ್ಣು ಮುಚ್ಚಿ ಒತ್ತಿ ಬಂದವರನ್ನೂ ಬಲ್ಲೆ. ಹೀಗೆ ಪರಿಚಯವಿಲ್ಲದ ಜಾಗಕ್ಕೆ ಜಾತಿ ಬಂದು ಕೂರುತ್ತದೆ, ನೆಂಟಸ್ತಿಕೆ ಬಂದು ಕೂರುತ್ತದೆ, ಹಿಂದಿನ ರಾತ್ರಿ ಮನೆ ಬಾಗಿಲಿಗೆ ಬಂದದ್ದು ಬಂದು ಕೂರುತ್ತದೆ. ನಮ್ಮ ಜನ ಜಾತಿ ನೋಡಿ ಮತ ಹಾಕುತ್ತಾರೆ ಎಂದು ಬರೆಯುವವರು, ಆ ಆರು ದಿನಗಳಲ್ಲಿ ಜಾತಿಯ ಹೊರತು ಬೇರೆ ಯಾವ ವಿವರ ಆ ಮತದಾರನಿಗೆ ದೊರಕಿತ್ತು ಎಂಬುದನ್ನೂ ವಿಚಾರಿಸಬೇಕೆಂದು ನನ್ನ ಕೋರಿಕೆ.

ಮಹಿಳಾ ಅಭ್ಯರ್ಥಿಗಳ ಮಾತಿಗೆ ಬರುತ್ತೇನೆ. ನನಗೆ ಹೆಚ್ಚು ನೋವಾಗುವುದು ಇಲ್ಲಿಯೇ. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿಯೇ ಶೇಕಡ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಕೊಟ್ಟ ರಾಜ್ಯ ನಮ್ಮದು. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರನ್ನು ಕೊಳವೆಬಾವಿಗಳ ಕಾರಣಕ್ಕೆ 'ನೀರ್ ಸಾಬ್' ಎಂದು ಜನ ನೆನೆಯುತ್ತಾರೆ. ಆ ಮೀಸಲಾತಿಗೂ ನಾನು ಅವರನ್ನು ನೆನೆಯುತ್ತೇನೆ. ಈಗ ಅರ್ಧದಷ್ಟು ಸ್ಥಾನಗಳು ಮಹಿಳೆಯರವು. ಆದರೆ ಕರಪತ್ರಗಳನ್ನು ಒಮ್ಮೆ ಸಾಲಾಗಿ ಹರಡಿಕೊಂಡು ನೋಡಿ. ಕೈ ಮುಗಿದು ನಿಂತ ಹೆಣ್ಣುಮಗಳ ಚಿತ್ರದ ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ, ಕೆಲವು ಕಡೆ ಅದಕ್ಕಿಂತ ದೊಡ್ಡದಾಗಿ ಗಂಡನ ಚಿತ್ರ. ಹೆಸರಿನ ಕೆಳಗೆ 'ಇಂಥವರ ಧರ್ಮಪತ್ನಿ' ಎಂಬ ಸಾಲು. ಹಿಂದಿನ ಸಲ ಗಂಡ ನಿಂತ ಕ್ಷೇತ್ರ ಈ ಸಲ ಮೀಸಲಾತಿ ಬದಲಾಗಿ ಮಹಿಳೆಗೆ ಬಂದರೆ, ಮತದಾರರಿಗೆ ಹೇಳಿಕೊಡುವುದು ಗಂಡನ ಗುರುತನ್ನೇ. ಗೆದ್ದ ಮೇಲೆ ಆತನೇ ಸದಸ್ಯನಂತೆ ಪಂಚಾಯಿತಿಗೆ ಬಂದು ಕೂತರೆ ಜನ ಆಶ್ಚರ್ಯಪಡುವುದಿಲ್ಲ, ಏಕೆಂದರೆ ಅವರು ಮತ ಹಾಕುವಾಗ ಗುರುತಿಸಿದ್ದು ಆತನನ್ನೇ.

ಇದನ್ನು ಬದಲಿಸಲು ಸಾಧ್ಯವಿಲ್ಲವೆಂದು ನಾನು ಒಪ್ಪುವುದಿಲ್ಲ, ಏಕೆಂದರೆ ಒಂದು ಸಂಜೆಯ ಮಟ್ಟಿಗಾದರೂ ಬದಲಾದದ್ದನ್ನು ಕಂಡಿದ್ದೇನೆ. 2020ರ ಆ ಎಂಟು ದಿನಗಳಲ್ಲೇ ನಮ್ಮೂರ ಸ್ತ್ರೀಶಕ್ತಿ ಸಂಘದವರು, ನಮ್ಮ ಕ್ಷೇತ್ರದಲ್ಲಿ ನಿಂತ ಎಲ್ಲ ಅಭ್ಯರ್ಥಿಗಳೂ ಒಂದೇ ಹೊತ್ತಿಗೆ ಬಂದು ಮಾತಾಡಲಿ ಎಂದು ಹೇಳಿ ಕಳಿಸಿದರು. ಒಂಬತ್ತು ಮಂದಿಯಲ್ಲಿ ಆರು ಮಂದಿ ಬಂದರು. ಕಾಫಿ ಒಣಗಿಸುವ ಕಣದಲ್ಲಿ, ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿದ ಕಾಫಿಯ ಪಕ್ಕದಲ್ಲಿ, ದೂರ ದೂರ ಕೂತು ಸಭೆ ನಡೆಯಿತು. ಮೈಕ್ ಇರಲಿಲ್ಲ, ಹಾರ ಇರಲಿಲ್ಲ, ಕಾಫಿ ಸಂಘದವರದ್ದೇ. ಪ್ರಶ್ನೆಗಳೂ ದೊಡ್ಡವಲ್ಲ. ನಮ್ಮ ನೀರಿನ ಟ್ಯಾಂಕ್ ತೊಳೆದು ಎಷ್ಟು ತಿಂಗಳಾಯಿತು, ನೀರುಗಂಟಿಗೆ ಸಂಬಳ ಯಾರು ಕೊಡುತ್ತಾರೆ, ಕಳೆದ ಗ್ರಾಮಸಭೆಗೆ ನೀವು ಬಂದಿದ್ದಿರಾ, ಆನೆ ಬಂದ ರಾತ್ರಿ ಬೀದಿ ದೀಪ ಕೆಟ್ಟಿದ್ದರೆ ಯಾರಿಗೆ ಫೋನ್ ಮಾಡಬೇಕು. ಒಬ್ಬ ಮಹಿಳಾ ಅಭ್ಯರ್ಥಿಯ ಸರದಿ ಬಂದಾಗ ಪತಿ ಎದ್ದು ನಿಂತು ಉತ್ತರ ಹೇಳಲು ತೊಡಗಿದರು. ಸಂಘದ ಹಿರಿಯರೊಬ್ಬರು ಕೂತಲ್ಲಿಂದಲೇ, 'ನೀವು ಕೂತ್ಕಳಿ ಅಣ್ಣ, ಅವ್ರೇ ಹೇಳ್ಲಿ' ಎಂದರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಆ ಹೆಣ್ಣುಮಗಳು ಸೆರಗು ಸರಿ ಮಾಡಿಕೊಂಡು, ಸಣ್ಣ ದನಿಯಲ್ಲಿ, ಕೆಳಗಿನ ಕೇರಿಯಲ್ಲಿ ಶೌಚಾಲಯ ಇಲ್ಲದ ಮನೆಗಳು ಎಷ್ಟು, ಅವುಗಳಲ್ಲಿ ಬಿಲ್ ಆಗದೆ ಗೋಡೆ ಮಟ್ಟಕ್ಕೆ ನಿಂತವು ಎಷ್ಟು ಎಂಬುದನ್ನು ಮನೆ ಮನೆ ಹೆಸರು ಹಿಡಿದು ಹೇಳಿದರು. ಅಷ್ಟು ವರ್ಷ ಅವರನ್ನು ಗಂಡನ ಹೆಸರಿನಿಂದಲೇ ಬಲ್ಲ ನಾವೆಲ್ಲ ಅವರ ಹೆಸರನ್ನು ಕಲಿತದ್ದು ಅಂದು. ಅವರು ಗೆದ್ದರೋ ಸೋತರೋ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರೆಂದು ತಿಳಿದುಬಿಡುತ್ತದೆ.

ಮತಯಂತ್ರದ ಮೇಲೆ, ಮತಪತ್ರದ ಮೇಲೆ ಅಭ್ಯರ್ಥಿಯ ಭಾವಚಿತ್ರ ಹಾಕಿದರೆ ಎಲ್ಲ ಸರಿಯಾಗುತ್ತದೆ ಎನ್ನುವವರಿದ್ದಾರೆ. ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ 2015ರಿಂದ ಭಾವಚಿತ್ರ ಇದೆ, ಅದು ಒಳ್ಳೆಯದೇ. 2019ರಲ್ಲಿ ಪಕ್ಕದ ಮಂಡ್ಯದಲ್ಲಿ ಸುಮಲತಾ ಅವರ ಎದುರು ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದಾಗ ಚಿತ್ರ ಎಷ್ಟು ನೆರವಾಯಿತು ಎಂಬುದನ್ನು ಊಹಿಸಬಹುದು. ಆದರೆ ಚಿತ್ರ ನೆರವಾಗುವುದು ಮೊದಲೇ ಆ ಮುಖ ಬಲ್ಲವರಿಗೆ. ಗುಡ್ಡದ ಆಚೆಯ ಅಪರಿಚಿತ ಮುಖ ಹಾಳೆಯ ಮೇಲೆ ಕಂಡರೂ ಅಪರಿಚಿತವೇ.

ಪರಿಚಯ ಎನ್ನುವುದು ಎಂಟು ದಿನದಲ್ಲಿ ಆಗುವಂಥದ್ದೂ ಅಲ್ಲ. ನಮ್ಮ ಜಿಲ್ಲೆಯ ಎಚ್.ಡಿ. ದೇವೇಗೌಡರು 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದವರು. ಅದಕ್ಕೆ ಮೊದಲು ಅಲ್ಲಿನ ಸಹಕಾರ ಸಂಘದಲ್ಲಿ, ತಾಲ್ಲೂಕು ಬೋರ್ಡಿನಲ್ಲಿ ಕೆಲಸ ಮಾಡಿ ಜನರ ಕಣ್ಣಿಗೆ ಬಿದ್ದಿದ್ದರು. ಅವರ ರಾಜಕೀಯವನ್ನು ಒಪ್ಪುವವರೂ ಒಪ್ಪದವರೂ ನಮ್ಮಲ್ಲಿದ್ದಾರೆ, ಆ ಚರ್ಚೆ ಇಲ್ಲಿ ಬೇಡ. ಹಾಲಿನ ಸಂಘ, ಪತ್ತಿನ ಸಂಘ, ಶಾಲಾಭಿವೃದ್ಧಿ ಸಮಿತಿ, ಸ್ತ್ರೀಶಕ್ತಿ ಸಂಘ, ದೇವಸ್ಥಾನದ ಸಮಿತಿ, ಇವುಗಳಲ್ಲಿ ಒಬ್ಬರು ಲೆಕ್ಕ ಹೇಗಿಟ್ಟರು, ಜಗಳ ಹೇಗೆ ಬಗೆಹರಿಸಿದರು ಎಂಬುದನ್ನು ನೋಡಿಯೇ ಊರು ಜನರನ್ನು ಅಳೆಯುತ್ತ ಬಂದಿದೆ. ಆ ಅಳತೆ ಒಂದು ಕೇರಿಯಿಂದ ಇನ್ನೊಂದು ಕೇರಿಗೆ ದಾಟುವುದಿಲ್ಲ ಎಂಬುದೇ ಈಗಿನ ಕೊರತೆ. ಆರು ತಿಂಗಳಿಗೊಮ್ಮೆ ವಾರ್ಡ್ ಸಭೆ, ಗ್ರಾಮಸಭೆ ನಡೆಯಬೇಕೆಂದು ಕಾನೂನಿದೆ, ವರ್ಷಕ್ಕೊಮ್ಮೆ ಪಂಚಾಯಿತಿಯ ಲೆಕ್ಕವನ್ನು ಜನರ ಮುಂದೆ ಪರಿಶೀಲಿಸುವ ಜಮಾಬಂದಿ ಇದೆ. ಅವು ಜನ ತುಂಬಿ ನಡೆದರೆ, ಎದ್ದು ಪ್ರಶ್ನೆ ಕೇಳುವವರು ಯಾರು, ಮೂಲೆಯಲ್ಲಿ ಕೂತು ಸಹಿ ಹಾಕಿ ಹೋಗುವವರು ಯಾರು ಎಂಬುದು ಚುನಾವಣೆಗೆ ಬಹಳ ಮೊದಲೇ ತಿಳಿದಿರುತ್ತದೆ. ಮನೆ ಹಂಚಿಕೆಯ ಪಟ್ಟಿ ಓದುವ ದಿನ ಮಾತ್ರ ಜನ ಸೇರುವುದು, ಉಳಿದಂತೆ ಸಭೆ ಹೆಸರಿಗೆ ನಡೆಯುವುದು, ಇದು ನಮ್ಮ ಮತದಾರರ ಕಡೆಯ ತಪ್ಪು. ನಾನೂ ಎಷ್ಟೋ ಸಭೆಗಳಿಗೆ ಹೋಗಿಲ್ಲ.

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಮಾತು ಎತ್ತಿದರೆ ಗುರುತಿನ ಪ್ರಶ್ನೆಯೇ ಏಳುವುದಿಲ್ಲ. ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ಸದಸ್ಯರೇ ಇಲ್ಲ. ನನ್ನ ಬಳಿ ಓದಿದ ಮಕ್ಕಳಲ್ಲಿ ಕೆಲವರಿಗೆ ಮತದಾನದ ಹಕ್ಕು ಬಂದು ವರ್ಷಗಳಾಗಿವೆ, ಜಿಲ್ಲಾ ಪಂಚಾಯಿತಿ ಸದಸ್ಯರೆಂದರೆ ಯಾರು ಎಂಬುದನ್ನೇ ಅವರು ಕಂಡಿಲ್ಲ.

ಸಂಪಾದಕರೇ, ಈಗ ಪತ್ರಿಕೆಗಳ ಬಗ್ಗೆ ಎರಡು ಮಾತು ಹೇಳಲು ಅನುಮತಿ ಬೇಡುತ್ತೇನೆ. ಎಣಿಕೆಯ ಮರುದಿನ ಕನ್ನಡ ಪತ್ರಿಕೆಗಳಲ್ಲಿ ಇಂಥ ಪಕ್ಷದ ಬೆಂಬಲಿತರು ಇಷ್ಟು, ಅಂಥ ಪಕ್ಷದ ಬೆಂಬಲಿತರು ಅಷ್ಟು ಎಂಬ ಲೆಕ್ಕ ಬರುತ್ತದೆ. ಮತಪತ್ರದಲ್ಲಿ ಇಲ್ಲದ ಪಕ್ಷವನ್ನು ಫಲಿತಾಂಶದಲ್ಲಿ ತಂದು ಕೂರಿಸುವುದು ಸರಿಯಲ್ಲ. ಆ ಲೆಕ್ಕವನ್ನು ಪಕ್ಷಗಳೇ ಕೊಡುತ್ತವೆ, ಎಲ್ಲರ ಲೆಕ್ಕ ಕೂಡಿದರೆ ಗೆದ್ದವರ ಸಂಖ್ಯೆ ಸ್ಥಾನಗಳ ಸಂಖ್ಯೆಯನ್ನು ಮೀರುತ್ತದೆ. ಅದಕ್ಕೆ ಕೊಡುವ ಜಾಗವನ್ನು ಹತ್ತು ದಿನ ಮೊದಲು, ಮತದಾನಕ್ಕೆ ಮುನ್ನ ಕೊಡಿ ಎಂಬುದು ನನ್ನ ಬೇಡಿಕೆ. ಹಿಂತೆಗೆತ ಮುಗಿದ ದಿನದಿಂದ ತಾಲ್ಲೂಕು ಪುಟಗಳಲ್ಲಿ ದಿನಕ್ಕೆ ಕೆಲವು ಪಂಚಾಯಿತಿಗಳಂತೆ, ಅಭ್ಯರ್ಥಿಯ ಹೆಸರು, ಊರಿನಲ್ಲಿ ಕರೆಯುವ ಹೆಸರು, ವಯಸ್ಸು, ಓದು, ಕಸುಬು, ಇದುವರೆಗೆ ಮಾಡಿದ ಸಾರ್ವಜನಿಕ ಕೆಲಸ, ಚಿಹ್ನೆ, ಇಷ್ಟನ್ನು ಒಂದೊಂದು ಸಾಲಿನಲ್ಲಿ ಪ್ರಕಟಿಸಬಹುದು. ಎಲ್ಲ ಪಂಚಾಯಿತಿಗಳಿಗೂ ಜಾಗ ಸಾಲದು ಎಂಬುದು ನನಗೆ ತಿಳಿಯುತ್ತದೆ. ಹೋಬಳಿಗೆ ಎರಡು ಪಂಚಾಯಿತಿ ಬಂದರೂ ಉಳಿದ ಕಡೆಯ ಜನ ತಮ್ಮಲ್ಲೂ ಹಾಗೆ ಪಟ್ಟಿ ಬೇಕೆಂದು ಕೇಳುತ್ತಾರೆ.

ಆಡಳಿತಕ್ಕೆ ನನ್ನ ಮನವಿ ಇನ್ನೂ ಸಣ್ಣದು. ಕಣದಲ್ಲಿರುವವರ ಪಟ್ಟಿಯನ್ನು ಈಗಲೂ ಪಂಚಾಯಿತಿ ಕಚೇರಿಯ ಫಲಕದಲ್ಲಿ ಹಾಕುತ್ತಾರೆ. ಆ ಕಚೇರಿ ನಮ್ಮ ಎಷ್ಟೋ ಮನೆಗಳಿಂದ ಐದಾರು ಕಿಲೋಮೀಟರ್ ದೂರ, ಬಸ್ಸಿಲ್ಲದ ದಾರಿ. ಅದೇ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ, ಭಾವಚಿತ್ರ ಮತ್ತು ಚಿಹ್ನೆಯ ಸಹಿತ, ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ, ಅಂಗನವಾಡಿ, ದೊಡ್ಡ ತೋಟಗಳ ಹಾಜರಿ ಕರೆಯುವ ಜಾಗಗಳಲ್ಲಿ ಅಂಟಿಸಿದರೆ ಖರ್ಚು ಕೆಲವು ಹಾಳೆಗಳದ್ದು. ಎಲ್ಲರಿಗೂ ಒಂದೇ ಅಳತೆಯ ಚಿತ್ರ, ಒಂದೇ ಅಳತೆಯ ಅಕ್ಷರ. ಮಹಿಳೆಯ ಚಿತ್ರದ ಪಕ್ಕದಲ್ಲಿ ಬೇರೆ ಯಾರ ಚಿತ್ರವೂ ಬೇಡ. ಹಿಂದೆ ಸದಸ್ಯರಾಗಿದ್ದು ಮತ್ತೆ ನಿಂತವರಾದರೆ, ಐದು ವರ್ಷದಲ್ಲಿ ಎಷ್ಟು ಸಾಮಾನ್ಯ ಸಭೆಗಳಿಗೆ ಹಾಜರಾಗಿದ್ದರು ಎಂಬ ಒಂದು ಅಂಕಿಯನ್ನೂ ಸೇರಿಸಲಿ. ಹಾಜರಿ ಪುಸ್ತಕ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಬೀರುವಿನಲ್ಲೇ ಇರುತ್ತದೆ. ಹಿಂತೆಗೆತಕ್ಕೂ ಮತದಾನಕ್ಕೂ ನಡುವೆ ಎಂಟರ ಬದಲು ಹದಿನೈದು ದಿನ ಕೊಡಲು ಸಾಧ್ಯವೇ ಎಂಬುದನ್ನು ರಾಜ್ಯ ಚುನಾವಣಾ ಆಯೋಗ ಯೋಚಿಸಬೇಕು. ದಿನ ಹೆಚ್ಚಿದರೆ ಹಣ ಹಂಚುವುದೂ ಹೆಚ್ಚುತ್ತದೆ ಎಂದು ಅನುಭವಿ ಅಧಿಕಾರಿಯೊಬ್ಬರು ನನಗೆ ಹೇಳಿದ್ದುಂಟು. ಆ ಭಯ ಸುಳ್ಳಲ್ಲ. ಆದರೂ ಹಣ ಹಂಚಲು ಒಂದು ರಾತ್ರಿ ಸಾಕು, ಗುಡ್ಡ ಹತ್ತಿ ಇಳಿದು ಮನೆ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳಲು ಆರು ದಿನ ಸಾಲದು ಎಂಬುದು ನನ್ನ ತಿಳಿವಳಿಕೆ. ಇನ್ನು ಡಿಸೆಂಬರ್, ಜನವರಿಯ ಕೊಯ್ಲಿನ ಕಾಲವನ್ನು ಮಲೆನಾಡಿನ ತಾಲ್ಲೂಕುಗಳಿಗೆ ತಪ್ಪಿಸಿದರೆ ಕೂಲಿಯವರಿಗೂ ತೋಟದವರಿಗೂ ಉಪಕಾರವಾಗುತ್ತದೆ.

ನಮ್ಮ ಕ್ಷೇತ್ರದ ಮಟ್ಟಿಗೆ ಹೇಳುವುದಾದರೆ, ಸ್ತ್ರೀಶಕ್ತಿ ಸಂಘದವರು ಈ ಸಲವೂ ಎಲ್ಲ ಅಭ್ಯರ್ಥಿಗಳನ್ನು ಕರೆಯಲು ತೀರ್ಮಾನಿಸಿದ್ದಾರೆ, ಜಾಗ ಅದೇ ಕಾಫಿ ಕಣ. ಹೊತ್ತು ಮಾತ್ರ ಕೂಲಿಯವರು ಮನೆಗೆ ಬಂದ ಮೇಲೆ, ಏಳು ಗಂಟೆಗೆ. ಚುನಾವಣಾಧಿಕಾರಿಗಳು ಒಪ್ಪಿದರೆ ಅಭ್ಯರ್ಥಿಗಳ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಡೇರಿಯ ಗೋಡೆಗೂ ಕೈಮರದ ಬಸ್ ನಿಲ್ದಾಣಕ್ಕೂ ಅಂಟಿಸುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಕರೆಯುವ ಹೆಸರುಗಳನ್ನು ಸೇರಿಸಲು ಪಕ್ಕದ ಮನೆಯ ಅಜ್ಜಿಯ ನೆರವು ಕೇಳಿದ್ದೇನೆ. ಅವರಿಗೆ ಊರಿನ ಮೂರು ತಲೆಮಾರಿನ ಹೆಸರುಗಳು ಬಾಯಿಪಾಠ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕಿ,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ